ಬಂದರಿಕೆಯ ಹಸುರು ಬೇಲಿ

ಮನೆಯ ಅಂಗಗಳನ್ನು ಎಣಿಸುವಾಗ ತಳಪಾಯ, ಗೋಡೆ, ಮಾಡು, ಬಾಗಿಲುಗಳನ್ನು ಎಲ್ಲರೂ ಹೇಳುತ್ತಾರೆ. ಮರೆಯನ್ನು ಹೇಳುವವರು ವಿರಳ. ಹಿಂದಿನ ಕಾಲದಲ್ಲಿ ಕಲಬುರಗಿಯ ಮನೆಗಳನ್ನು ಕಟ್ಟಿದವರಾದರೋ ಮರೆಯನ್ನು ಮರೆತವರಲ್ಲ. ಬೀದಿಯ ಕಡೆಗೆ ಕಿಟಕಿಗಳಿಲ್ಲದ ದಪ್ಪ ಕಲ್ಲುಗೋಡೆ, ಒಂದೇ ತಲೆಬಾಗಿಲು, ಅದನ್ನು ದಾಟಿದರೆ ಆಕಾಶಕ್ಕೆ ತೆರೆದ ಅಂಗಳ, ಅದರ ಸುತ್ತ ಪಡಸಾಲೆ. ಹೀಗೆ ಮನೆಯ ಮುಖವೆಲ್ಲ ಒಳಗಡೆಗೇ ತಿರುಗಿರುತ್ತಿತ್ತು. ಬೀಸುವವರಿಗೆ, ಕೇರುವವರಿಗೆ, ಸಂಡಿಗೆ ಒಣಗಿಸುವವರಿಗೆ, ಓದಲು ಕುಳಿತ ಮಕ್ಕಳಿಗೆ ಆ ಅಂಗಳದಲ್ಲಿ ಗಾಳಿ ಬೆಳಕುಗಳೂ ದೊರೆಯುತ್ತಿದ್ದವು, ಹೊರಗಿನವರ ಕಣ್ಣಿನಿಂದ ಬಿಡುಗಡೆಯೂ ದೊರೆಯುತ್ತಿತ್ತು.

ಇಂದಿನ ಮನೆಯ ರೀತಿ ಬೇರೆ. ಸೂಪರ್ ಮಾರ್ಕೆಟ್ ಎಂಬುದು ಕಲಬುರಗಿಯಲ್ಲಿ ಒಂದು ಅಂಗಡಿಯ ಹೆಸರಲ್ಲ, ಒಂದು ಪೇಟೆಯ ಹೆಸರು. ಆ ಪೇಟೆಯ ಸುತ್ತಮುತ್ತ ಕೆಳಗೆ ಅಂಗಡಿ, ಮೇಲೆ ವಾಸ ಎಂಬಂತಹ ಕಟ್ಟಡಗಳು ಒಂದಕ್ಕೊಂದು ಮುಖಕೊಟ್ಟು ನಿಂತಿವೆ. ಊರಿನ ಅಂಚಿನ ಹೊಸ ಬಡಾವಣೆಗಳಲ್ಲಿ ನಿವೇಶನದ ನಡುವೆ ಮನೆ, ನಾಲ್ಕೂ ಕಡೆ ಕಿಟಕಿ, ಮುಂದೆ ಜಗುಲಿ, ಅದರಾಚೆ ಎದೆಯೆತ್ತರದ ಆವರಣದ ಗೋಡೆ. ಅಂಗಳವು ಮನೆಯ ಒಳಗಿನಿಂದ ಹೊರಗೆ ಬಂದಿತು. ಅದರ ಮರೆ ಮಾತ್ರ ಅದರೊಡನೆ ಬರಲಿಲ್ಲ. ಪರಿಣಾಮವಾಗಿ ಗಾಳಿಗೆಂದು ಇರಿಸಿದ ಕಿಟಕಿಗಳಿಗೆ ಹಗಲೂ ಪರದೆ ಬೀಳುತ್ತದೆ, ಕುಳಿತುಕೊಳ್ಳಲೆಂದು ಕಟ್ಟಿದ ಜಗುಲಿಯಲ್ಲಿ ಚಪ್ಪಲಿಗಳು ಮಾತ್ರ ಇರುತ್ತವೆ. ಶಾಲೆಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ವಿದ್ಯಾರ್ಥಿನಿಯರ ವಸತಿನಿಲಯದ ಹಿತ್ತಿಲು, ಬಟ್ಟೆ ಒಣಗಿಸುವ ಜಾಗ, ಶೌಚಾಲಯಕ್ಕೆ ಹೋಗುವ ದಾರಿ ಇವು ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳುವಂತಿದ್ದರೆ ಅಲ್ಲಿರುವ ಮಕ್ಕಳ ಸಂಕೋಚ ಎಷ್ಟೆಂಬುದನ್ನು ಅಧ್ಯಾಪಕಿಯರು ಬಲ್ಲರು. ಇದು ಅಲಂಕಾರದ ವಿಷಯವಲ್ಲ.

ಸಾಮಾನ್ಯವಾಗಿ ಹೊಳೆಯುವ ಪರಿಹಾರವೆಂದರೆ ಗೋಡೆಯನ್ನು ಎತ್ತರಿಸುವುದು. ಆದರೆ ಕಲಬುರಗಿಯ ಎರೆಮಣ್ಣು ಗೋಡೆಗೆ ಒಳ್ಳೆಯ ಮಿತ್ರನಲ್ಲ. ಕಪ್ಪು ಶಿಲೆ ಸವೆದು ಆದ ಈ ಮಣ್ಣಿನಲ್ಲಿ ಜೇಡಿಯ ಅಂಶ ಅಧಿಕ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಮನೆಗೆ ಹಾಕುವಷ್ಟು ಆಳವಾದ ತಳಪಾಯವನ್ನು ಆವರಣದ ಗೋಡೆಗೆ ಯಾರೂ ಹಾಕುವುದಿಲ್ಲವಾದುದರಿಂದ ಕೆಲವೇ ವರ್ಷಗಳಲ್ಲಿ ಅದು ಅಡ್ಡಡ್ಡ ಸೀಳುತ್ತದೆ, ವಾಲುತ್ತದೆ. ಶಹಾಬಾದಿನ ಫರಸಿಗಳನ್ನು ಸಾಲಾಗಿ ನೆಟ್ಟು ಮಾಡುವ ಬೇಲಿ ಈ ಸೀಮೆಯದೇ ಆದ ಒಳ್ಳೆಯ ಪದ್ಧತಿ. ಅದು ಬಿರುಕು ಬಿಡುವುದಿಲ್ಲ, ಆದರೆ ಆಳೆತ್ತರ ಬೇಕೆಂದರೆ ಕಲ್ಲು ಭಾರವಾಗಿ ವಾಲತೊಡಗುತ್ತದೆ. ತಗಡಿನ ಮರೆಯಂತೂ 42-43 ಡಿಗ್ರಿ ಬಿಸಿಲು ಕಾಯುವ ಮೇ ತಿಂಗಳಿನಲ್ಲಿ ಮನೆಯ ಪಕ್ಕದಲ್ಲಿ ಇನ್ನೊಂದು ಒಲೆಯನ್ನು ಹೂಡಿದಂತೆ. ಹಸುರು ಬಲೆ ಎರಡು ಬೇಸಿಗೆಗೆ ಪುಡಿಯಾಗುತ್ತದೆ. ಗೋಡೆಗೆ ಒಂದು ಅನುಕೂಲವುಂಟೆಂದು ಒಪ್ಪಬೇಕು: ಅದರಲ್ಲಿ ದಾನಿಗಳ ಹೆಸರಿನ ಕಲ್ಲನ್ನು ಕೂರಿಸಬಹುದು. ಗಿಡದ ಬೇಲಿಗೆ ಆ ಭಾಗ್ಯವಿಲ್ಲ. ಶಾಲೆಗಳ ಸುತ್ತ ಬೇಲಿಗಿಂತ ಗೋಡೆ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣವಿದ್ದೀತು.

ಗಿಡದ ಬೇಲಿಯನ್ನೇ ಮಾಡಹೊರಟವರಿಗೆ ಎದುರಾಗುವ ತೊಡಕು ಯಾವ ಗಿಡವೆಂಬುದು. ಪೇಟೆಯಲ್ಲಿ ಸುಲಭವಾಗಿ ದೊರೆಯುವ ಡುರಾಂಟಾ ಅಮೆರಿಕ ಖಂಡದ ಉಷ್ಣಸೀಮೆಯ ಗಿಡ. ಅದರ ಹೊಂಬಣ್ಣದ ಎಲೆ ನೋಡಲು ಚೆಂದ, ಆದರೆ ಬೇಸಿಗೆಯಲ್ಲಿ ಅದಕ್ಕೆ ನೀರು ತಪ್ಪಿಸುವಂತಿಲ್ಲ, ಅಚ್ಚುಕಟ್ಟಾಗಿರಬೇಕಾದರೆ ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ಕತ್ತರಿ ಆಡಿಸಬೇಕು. ಅದರ ಹಳದಿ ಹಣ್ಣುಗಳು ವಿಷಯುಕ್ತ, ಚಿಕ್ಕ ಮಕ್ಕಳಿರುವ ಶಾಲೆಗೆ ತಕ್ಕುದಲ್ಲ. ಇತ್ತೀಚಿನ ವರ್ಷಗಳಲ್ಲಿ ಬೇಗ ಮರೆಯಾಗುವುದೆಂಬ ಕಾರಣದಿಂದ ಜನಪ್ರಿಯವಾದ ಕೊನೊಕಾರ್ಪಸ್ ಎಂಬ ಹೊರನಾಡಿನ ಮರದ ವಿಷಯದಲ್ಲಿ ಆಕ್ಷೇಪಗಳು ಎಷ್ಟು ಬೆಳೆದವೆಂದರೆ 2023ರಲ್ಲಿ ಗುಜರಾತ ಸರ್ಕಾರ ಅದನ್ನು ನೆಡುವುದನ್ನೇ ನಿಷೇಧಿಸಿತು. ಬಳ್ಳಾರಿ ಜಾಲಿಯ ಕತೆಯನ್ನು ಉತ್ತರ ಕರ್ನಾಟಕದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಸೌದೆಗೆಂದೂ ಬರಡು ನೆಲವನ್ನು ಹಸುರು ಮಾಡಲೆಂದೂ ತಂದ ಆ ಮುಳ್ಳುಮರ ಬೇಲಿಯಾಗಿಯೂ ನಿಂತಿತು, ಅನಂತರ ಕೆರೆಯಂಗಳ, ಹಳ್ಳದ ದಂಡೆ, ಗೋಮಾಳಗಳನ್ನೆಲ್ಲ ಆವರಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇಷ್ಟು ಅಕ್ಷರಶಃ ಹೊಂದುವ ಉದಾಹರಣೆ ಬೇರೊಂದಿಲ್ಲ.

ಬೇಲಿಗೆ ಆ ನೆಲದ ಗಿಡವೇ ಮೇಲು ಎಂಬ ತಿಳಿವಳಿಕೆ ಹೊಸದಲ್ಲ. ಅದನ್ನು ದುಬಾರಿ ಬೆಲೆ ತೆತ್ತು ಕಲಿತ ಒಂದು ಪ್ರಸಂಗ ಭಾರತದ ಇತಿಹಾಸದಲ್ಲಿಯೇ ಇದೆ. ಉಪ್ಪಿನ ಮೇಲಣ ಸುಂಕವನ್ನು ತಪ್ಪಿಸಿಕೊಂಡು ಯಾರೂ ಉಪ್ಪು ಸಾಗಿಸಬಾರದೆಂದು ಬ್ರಿಟಿಷರು ಸಿಂಧೂ ನದಿಯ ಕಡೆಯಿಂದ ಒರಿಸ್ಸಾದ ಕಡೆಯವರೆಗೆ ಒಂದು ಸುಂಕದ ಗಡಿಯನ್ನು ಎಳೆದಿದ್ದರು. ಅದರ ಉದ್ದ ಒಂದು ಕಾಲಕ್ಕೆ ಸುಮಾರು 4,000 ಕಿಲೋಮೀಟರ್ ಇತ್ತು. ಮೊದಲು ಅದರ ಬಹುಭಾಗಕ್ಕೆ ಕಡಿದು ತಂದ ಒಣಮುಳ್ಳನ್ನು ಒಟ್ಟಿದರು. ಗೆದ್ದಲು ತಿಂದಿತು, ಬೆಂಕಿ ಬಿದ್ದಿತು, ಬಿರುಗಾಳಿ ಹಾರಿಸಿತು. ಪ್ರತಿವರ್ಷವೂ ರಾಶಿ ರಾಶಿ ಮುಳ್ಳನ್ನು ಹೊಸದಾಗಿ ಹೊರಿಸಬೇಕಾಯಿತು. 1867ರಿಂದ 1870ರವರೆಗೆ ಆ ಇಲಾಖೆಯ ಆಯುಕ್ತನಾಗಿದ್ದ ಎ. ಓ. ಹ್ಯೂಮ್, ಅಂದರೆ ಮುಂದೆ 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣನಾದ ಹ್ಯೂಮನೇ, ಒಣ ಬೇಲಿಯನ್ನು ಬಿಟ್ಟು ಜೀವಂತ ಬೇಲಿಯನ್ನು ಬೆಳೆಸುವತ್ತ ಗಮನವಿತ್ತನು. ಆಯಾ ಮಣ್ಣಿಗೂ ಮಳೆಗೂ ಒಗ್ಗುವಂತೆ ಕರಿಜಾಲಿ, ಬೋರೆ, ಕವಳಿ, ಕಳ್ಳಿ, ಪಾಪಾಸುಕಳ್ಳಿಗಳನ್ನು ನೆಡಿಸಿದರು. ಬಡವನ ಗಂಜಿಗೆ ಬೀಳುವ ಉಪ್ಪಿಗೆ ಅಡ್ಡಬಂದ ಬೇಲಿ ಅದು. ಉದ್ದೇಶ ಹೀನವಾದುದು, ತೋಟಗಾರಿಕೆ ಮಾತ್ರ ಸರಿಯಾದುದು. 1879ರಲ್ಲಿ ಆ ಗಡಿ ರದ್ದಾಯಿತು. ಕಲಬುರಗಿಯ ಕಡೆಗೆ ಅದು ಬರಲಿಲ್ಲ. ಆದರೂ ಅದು ಕಲಿಸಿದ ಪಾಠ ಇಲ್ಲಿಗೂ ಅನ್ವಯಿಸುತ್ತದೆ: ಬೇಲಿ ನೆಡುವವನು ಮೊದಲು ನೋಡಬೇಕಾದುದು ಹತ್ತಿರದ ಗುಡ್ಡದಲ್ಲಿ ಯಾರೂ ನೀರುಣಿಸದೆ ಹಸುರಾಗಿರುವ ಗಿಡ ಯಾವುದು ಎಂಬುದನ್ನು.

ಕರ್ನಾಟಕದ ಒಣ ಗುಡ್ಡಗಳಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ. ಚಿತ್ರದುರ್ಗದ ಬಂಡೆಗಳ ನಡುವೆ, ಸಂಡೂರಿನ ಕೆಂಪು ಇಳಿಜಾರುಗಳಲ್ಲಿ, ಬಯಲುಸೀಮೆಯ ಕುರುಚಲು ಕಾಡುಗಳಲ್ಲೆಲ್ಲ ಏಪ್ರಿಲ್ ತಿಂಗಳಿನಲ್ಲಿಯೂ ಎಲೆ ಉದುರಿಸದೆ ಮಿರುಗುತ್ತ ನಿಂತಿರುವ ಪೊದೆ ಬಂದರಿಕೆ. ಕೆಲವೆಡೆ ಹಂಗರಿಕೆ ಎಂದೂ, ತೆಲುಗಿನಲ್ಲಿ ಬಂದಾರು ಎಂದೂ, ತಮಿಳಿನಲ್ಲಿ ವಿರಾಲಿ ಎಂದೂ ಅದನ್ನು ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಡೊಡೋನಿಯಾ ವಿಸ್ಕೋಸಾ. ಮೊದಲ ಪದ 16ನೆಯ ಶತಮಾನದ ಫ್ಲೆಮಿಶ್ ವೈದ್ಯ ಹಾಗೂ ಸಸ್ಯಶಾಸ್ತ್ರಜ್ಞ ರೆಂಬರ್ಟ್ ಡೊಡೊನ್ಸನ ನೆನಪಿಗಾಗಿ ಇಟ್ಟದ್ದು. ಎರಡನೆಯದರ ಅರ್ಥ ಅಂಟುಅಂಟಾದುದು ಎಂದು. ಎಳೆಯ ಚಿಗುರನ್ನು ಬೆರಳಿನಿಂದ ಮುಟ್ಟಿದವರಿಗೆ ಆ ಹೆಸರಿನ ಕಾರಣ ತಿಳಿಯುತ್ತದೆ. ಅಂಟುವಾಳದ ಕುಟುಂಬಕ್ಕೆ ಸೇರಿದ ಈ ಗಿಡ ಉಷ್ಣವಲಯದ ಬಹುಪಾಲು ದೇಶಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ನ್ಯೂಜಿಲೆಂಡಿನ ಮಾವೋರಿಗಳು ಅದರ ಗಟ್ಟಿ ಕಟ್ಟಿಗೆಯಿಂದ ಗದೆಗಳನ್ನು ಮಾಡಿಕೊಳ್ಳುತ್ತಿದ್ದರು. ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಯುರೋಪಿಯನ್ನರು ಅದರ ಜಾತಿಯ ಗಿಡಗಳ ಕಾಯಿಗಳನ್ನು ಬಿಯರಿಗೆ ಕಹಿ ಕೊಡಲು ಬಳಸಿದರು. ಕರ್ನಾಟಕದ ಹಳ್ಳಿಗರು ಅದನ್ನು ಸೌದೆಗೆ, ಗುಡಿಸಿಲಿನ ಹೊದಿಕೆಗೆ, ತಡಿಕೆಗೆ, ಉಳುಕಿನ ಮೇಲೆ ಕಟ್ಟುವ ಸೊಪ್ಪಿಗೆ ಉಪಯೋಗಿಸಿಕೊಂಡು ಬಂದಿದ್ದಾರೆ.

ಬೇಲಿಗೆ ಬೇಕಾದ ಗುಣಗಳು ಅದರ ಎಲೆಯಲ್ಲಿಯೇ ಅಡಗಿವೆ. ಎಲೆಯ ಮೇಲಣ ರಾಳದ ಲೇಪ ನೀರಿನ ಆವಿ ಹೆಚ್ಚಾಗಿ ಹೊರಹೋಗದಂತೆ ತಡೆಯುತ್ತದೆ. ಅದೇ ರಾಳ ಕಹಿಯಾದುದರಿಂದ ದನ ಕುರಿಗಳು ಬೇರೆ ಮೇವು ಇರುವವರೆಗೂ ಅದಕ್ಕೆ ಬಾಯಿ ಹಾಕುವುದಿಲ್ಲ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಮಾತಿಗೆ ಇರುವ ಕೆಲವೇ ಅಪವಾದಗಳಲ್ಲಿ ಬಂದರಿಕೆಯೂ ಒಂದು. ಬಿಡಾಡಿ ದನಗಳೂ ಆಡುಗಳೂ ಬೀದಿಯಲ್ಲಿ ಸುಳಿದಾಡುವ ಊರಿನಲ್ಲಿ ಸಸಿಯೊಂದು ಮೊದಲ ಎರಡು ವರ್ಷಗಳನ್ನು ದಾಟುವುದಕ್ಕೆ ಈ ಕಹಿಯೇ ಸಾಕಷ್ಟು ಕಾವಲು. ಕೊಂಬೆಗಳು ನೆಲದಿಂದಲೇ ಕವಲೊಡೆಯುವುದರಿಂದ ಬುಡದಲ್ಲಿ ಸಂದು ಬೀಳುವುದಿಲ್ಲ. ಕತ್ತರಿಗೆ ಒಗ್ಗುತ್ತದೆ, ಕತ್ತರಿಸದಿದ್ದರೂ ಮೂರು ನಾಲ್ಕು ಮೀಟರಿಗಿಂತ ಹೆಚ್ಚಾಗಿ ಮೇಲೇರುವುದು ಅಪರೂಪ. ಚಳಿಗಾಲದಲ್ಲಿ ಮೂರು ರೆಕ್ಕೆಗಳುಳ್ಳ ತೆಳುವಾದ ಕಾಯಿಗಳು ಗೊಂಚಲು ಗೊಂಚಲಾಗಿ ಕೆಂಬಣ್ಣಕ್ಕೆ ತಿರುಗುತ್ತವೆ. ಹೂವಿಗಿಂತ ಕಾಯಿಯೇ ಚೆಲುವಾಗಿರುವ ಗಿಡವಿದು. ಗಂಡು ಹೂ, ಹೆಣ್ಣು ಹೂಗಳು ಸಾಮಾನ್ಯವಾಗಿ ಬೇರೆ ಬೇರೆ ಗಿಡಗಳಲ್ಲಿ ಬಿಡುವುದರಿಂದ ಸಾಲಿನ ಕೆಲವು ಗಿಡಗಳು ಎಂದಿಗೂ ಕಾಯಿ ಬಿಡವು. ಅದನ್ನು ರೋಗವೆಂದು ಬಗೆದು ಕಿತ್ತುಹಾಕಬಾರದು.

ಆದರೆ ಬಂದರಿಕೆಗೂ ಒಂದು ಸಹಿಸಲಾರದ ಸಂಗತಿ ಇದೆ, ಕಲಬುರಗಿಯಲ್ಲಿ ಅದೇ ಮುಖ್ಯವಾದುದು. ಅದು ಇಳಿಜಾರಿನ ಗಿಡ. ಬೇರಿನ ಬಳಿ ನಿಂತ ನೀರನ್ನು ತಾಳದು. ನಗರದಿಂದ ಹುಮನಾಬಾದಿನ ದಾರಿಯಲ್ಲಿ 35-40 ಕಿಲೋಮೀಟರ್ ಸಾಗಿ ಕಮಲಾಪುರವನ್ನು ಸೇರಿದರೆ ನೆಲದ ಬಣ್ಣವೇ ಬದಲಾಗುತ್ತದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕೆಂಬಾಳೆಯನ್ನು ಬೆಳೆಯುವ ಆ ಸೀಮೆಯ ಕೆಂಪುಮಣ್ಣಿನಲ್ಲಿ ನೀರು ಇಂಗುತ್ತದೆಯೇ ಹೊರತು ಮಡುಗಟ್ಟಿ ನಿಲ್ಲುವುದಿಲ್ಲ. ಅಲ್ಲಿ ಬಂದರಿಕೆಗೆ ಗುಂಡಿ ತೆಗೆದು ಸಸಿ ಇಟ್ಟರೆ ಮುಗಿಯಿತು. ನಗರದ ಎರೆಯಲ್ಲಿ ಹಾಗೆ ಮಾಡುವುದು ತಪ್ಪು. ವರ್ಷದ 700-800 ಮಿಲಿಮೀಟರ್ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿನಲ್ಲಿಯೇ ಬೀಳುವುದರಿಂದ, ಎರೆಯಲ್ಲಿ ತೆಗೆದ ಗುಂಡಿ ಮಣ್ಣಿನ ಬಟ್ಟಲಾಗಿ ನೀರು ತುಂಬಿಕೊಳ್ಳುತ್ತದೆ, ಸಸಿಯ ಬೇರು ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ, ನೀರು ಸಾಲದೆಂದು ಬಗೆದ ಯಜಮಾನ ಇನ್ನೊಂದು ಕೊಡ ಸುರಿಯುತ್ತಾನೆ. ಬಂದರಿಕೆ ಇಲ್ಲಿ ಬರುವುದಿಲ್ಲವೆಂಬ ಅಪವಾದ ಹುಟ್ಟುವುದು ಹೀಗೆ. ಬರದಲ್ಲಿ ಬದುಕುವ ಗಿಡ ಆರೈಕೆಯಿಂದ ಸಾಯುವುದು ಬೇಲಿಯ ಕೆಲಸದಲ್ಲಿ ಅತ್ಯಂತ ಸಾಮಾನ್ಯವಾದ ದುರಂತ.

ಇದಕ್ಕೆ ಉಪಾಯ ಸರಳವಾದುದು. ಎರೆನೆಲದಲ್ಲಿ ಗುಂಡಿ ತೋಡುವುದಕ್ಕೆ ಬದಲಾಗಿ ಒಡ್ಡು ಕಟ್ಟಬೇಕು. ಬೇಲಿಯ ಗೆರೆಯುದ್ದಕ್ಕೂ 75 ಸೆಂಟಿಮೀಟರ್ ಅಗಲದ ನೆಲವನ್ನು ಒಂದು ಗುದ್ದಲಿಯ ಆಳಕ್ಕೆ ಅಗೆದು ಸಡಿಲಿಸಿ, ಅದರ ಮೇಲೆ ಗರಸು, ಅಲ್ಲಿಯದೇ ಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಇವುಗಳ ಮಿಶ್ರಣವನ್ನು 25-30 ಸೆಂಟಿಮೀಟರ್ ಎತ್ತರ ಬರುವಂತೆ ಹರಡಬೇಕು. ಗರಸು ಅರ್ಧದಷ್ಟಿರಲಿ, ಗೊಬ್ಬರ ಎಂಟನೆಯ ಒಂದು ಪಾಲಿಗಿಂತ ಹೆಚ್ಚುವುದು ಬೇಡ. ಒಡ್ಡಿನ ಪಕ್ಕದಲ್ಲಿ, ಮನೆಯಿಂದ ಆಚೆಯ ಕಡೆಗೆ, ನೀರು ಹರಿದುಹೋಗುವ ಕಿರುಗಾಲುವೆ ಇರಬೇಕು. ಈ ಕೆಲಸವನ್ನು ಮೇ ತಿಂಗಳಿನಲ್ಲಿಯೇ ಮುಗಿಸಿದರೆ ಮೊದಲ ಮಳೆಗೆ ಒಡ್ಡು ಕುಳಿತು ಗಟ್ಟಿಯಾಗುತ್ತದೆ. ಬೇಲಿಯ ಒಟ್ಟು ದುಡಿಮೆಯಲ್ಲಿ ಮುಕ್ಕಾಲು ಪಾಲು ಇಲ್ಲಿಯೇ ತೀರುತ್ತದೆ. ಹೆಚ್ಚು ಆರೈಕೆ ಬೇಡದ ಬೇಲಿಯೆಂದರೆ ಆರೈಕೆಯೇ ಬೇಡದುದು ಎಂದಲ್ಲ. ಆರೈಕೆಯನ್ನು ಸಸಿ ಇಡುವುದಕ್ಕೆ ಮೊದಲೇ ಮಾಡಿ ಮುಗಿಸುವುದು ಎಂದು.

ಬಂದರಿಕೆಯ ಬೀಜ ಸೂಪರ್ ಮಾರ್ಕೆಟ್ಟಿನಲ್ಲಿ ಕೊಳ್ಳುವ ಸರಕಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಸಸಿಗಾಗಿ ಮುಂಚಿತವಾಗಿ ವಿಚಾರಿಸಬಹುದು. ಇಲ್ಲವಾದರೆ ಖಾಸಗಿ ಹೊಲದ ಬದುವಿನಲ್ಲಿಯೋ ಬೆಳೆದು ನಿಂತ ಬೇಲಿಯಲ್ಲಿಯೋ ಇರುವ ಗಿಡದಿಂದ, ಕಾಯಿಗಳು ಕೆಂಪು ಕಳೆದು ಕಂದುಬಣ್ಣಕ್ಕೆ ಬಂದು ಕಾಗದದಂತೆ ಸದ್ದು ಮಾಡತೊಡಗಿದಾಗ, ಅಂದರೆ ಚಳಿಗಾಲದ ಕೊನೆಯಿಂದ ಬೇಸಿಗೆಯ ಮೊದಲ ವಾರಗಳವರೆಗೆ, ಬೀಜ ಸಂಗ್ರಹಿಸಬೇಕು. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ತರುವಂತಿಲ್ಲ. ತಡಮಾಡಿದರೆ ಗಾಳಿಯೇ ಕಾಯಿಗಳನ್ನು ಹೊತ್ತೊಯ್ಯುತ್ತದೆ. ಆ ರೆಕ್ಕೆಗಳು ಇರುವುದೇ ಅದಕ್ಕಾಗಿ. ನೆರಳಿನಲ್ಲಿ ಎರಡು ದಿನ ಒಣಗಿಸಿ ಅಂಗೈಯಲ್ಲಿ ಹೊಸೆದರೆ ಸಾಸಿವೆಗಿಂತ ತುಸು ದೊಡ್ಡದಾದ ಕರಿಯ ಬೀಜಗಳು ಹೊರಬರುತ್ತವೆ. ಸಿಪ್ಪೆಯನ್ನು ಮೊರದಲ್ಲಿ ತೂರಿ ತೆಗೆಯಬಹುದು.

ಈ ಬೀಜದ ಸಿಪ್ಪೆ ಬಹಳ ಗಟ್ಟಿ, ನೀರನ್ನು ಒಳಬಿಡದು. ಹಾಗೆಯೇ ಬಿತ್ತಿದರೆ ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ ಮೊಳೆಯುತ್ತವೆ. ಕಾಡಿಗೆ ಅದು ಜಾಣತನ: ಒಂದು ವರ್ಷ ಮಳೆ ಕೈಕೊಟ್ಟರೂ ಸಂತತಿ ಉಳಿಯುತ್ತದೆ. ಬೇಲಿ ನೆಡುವವನಿಗೆ ಅದು ತೊಂದರೆ. ಆದುದರಿಂದ ಬೀಜವನ್ನು ತೆಳುವಾದ ಬಟ್ಟೆಯಲ್ಲಿ ಕಟ್ಟಿ, ಕುದಿದು ಒಲೆಯಿಂದ ಇಳಿಸಿದ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಕೂಡಲೇ ತಣ್ಣೀರಿಗೆ ಹಾಕಿ ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಉಬ್ಬಿದ ಬೀಜಗಳನ್ನು ಆರಿಸಿ ಬಿತ್ತುವುದು, ಉಬ್ಬದವುಗಳಿಗೆ ಇನ್ನೊಮ್ಮೆ ಅದೇ ಸಂಸ್ಕಾರ ಮಾಡುವುದು. ಪ್ರೌಢಶಾಲೆಯ ವಿಜ್ಞಾನದ ತರಗತಿಗೆ ಇದಕ್ಕಿಂತ ಅಗ್ಗದ ಪ್ರಯೋಗ ದೊರೆಯದು. ನೂರು ಬೀಜಗಳನ್ನು ಬಿಸಿನೀರಿನಲ್ಲಿ ಅದ್ದಿಯೂ ಇನ್ನೊಂದು ನೂರನ್ನು ಅದ್ದದೆಯೂ ಬಿತ್ತಿ, ನಾಲ್ಕು ವಾರ ಮೊಳಕೆಗಳನ್ನು ಎಣಿಸಿ ಬರೆಯಿಸಿದರೆ ಸುಪ್ತಾವಸ್ಥೆಯೆಂಬ ಪಾಠವನ್ನು ಬಾಯಿಪಾಠ ಮಾಡಿಸಬೇಕಾದುದಿಲ್ಲ. ಮಾರ್ಚ್ ತಿಂಗಳಿನಲ್ಲಿ ಮರಳು ಮಣ್ಣು ತುಂಬಿದ ಚೀಲಗಳಲ್ಲಿ, ಅರ್ಧ ಸೆಂಟಿಮೀಟರ್ ಆಳದಲ್ಲಿ, ಒಂದೊಂದರಲ್ಲಿ ಎರಡು ಬೀಜದಂತೆ ಹಾಕಿದರೆ ಎರಡು ಮೂರು ವಾರಗಳಲ್ಲಿ ಮೊಳಕೆ ಕಾಣುತ್ತದೆ. ಜುಲೈ ಹೊತ್ತಿಗೆ ಗೇಣುದ್ದದ ಸಸಿ ಸಿದ್ಧವಾಗುತ್ತದೆ. ಇದಕ್ಕಿಂತ ದೊಡ್ಡ ಸಸಿಗಾಗಿ ಆಸೆಪಡುವುದು ಬೇಡ. ಚೀಲದಲ್ಲಿ ಬೇರು ಸುತ್ತಿಕೊಂಡ ದೊಡ್ಡ ಸಸಿಗಿಂತ ನೆಲ ಹಿಡಿದ ಚಿಕ್ಕ ಸಸಿ ಎರಡನೆಯ ವರ್ಷದಲ್ಲಿ ಮುಂದಾಗುತ್ತದೆ.

ನೆಲ ಹದವಾಗಿ ತೊಯ್ದ ಮೇಲೆ, ಮೋಡ ಮುಚ್ಚಿದ ದಿನ ನೋಡಿ ನೆಡಬೇಕು. ಒಂಟಿಸಾಲಿಗೆ ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಅಂತರ ಸಾಕು. 100 ಮೀಟರ್ ಉದ್ದದ ಶಾಲಾ ಆವರಣಕ್ಕೆ ಸುಮಾರು 220 ಸಸಿಗಳು ಬೇಕಾಗುತ್ತವೆ. ದಟ್ಟವಾದ ಮರೆ ಬೇಕಾದ ಕಡೆ ಎರಡು ಸಾಲುಗಳಲ್ಲಿ, ಗಿಡಕ್ಕೆ 60 ಸೆಂಟಿಮೀಟರ್ ಅಂತರದಂತೆ, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ ಬರುವ ಹಾಗೆ ನೆಟ್ಟರೆ ಅದೇ ಉದ್ದಕ್ಕೆ 330 ಆಗುತ್ತವೆ. ಅದಕ್ಕೆ ಒಡ್ಡಿನ ಅಗಲವನ್ನು 120 ಸೆಂಟಿಮೀಟರಿಗೆ ಏರಿಸಬೇಕು. ಗಡಿಯ ಗೆರೆಯ ಮೇಲೆಯೇ ನೆಡುವುದು ವಿವಾದಕ್ಕೆ ದಾರಿ. 60 ಸೆಂಟಿಮೀಟರ್ ಒಳಕ್ಕೆ ಸರಿದು ನೆಟ್ಟರೆ ಆಚೆಯ ಮುಖವನ್ನು ಕತ್ತರಿಸಲು ನೆರೆಯವರ ಅಪ್ಪಣೆ ಕೇಳಬೇಕಾದುದಿಲ್ಲ.

ನೀರಿನ ಲೆಕ್ಕ ಕಲಬುರಗಿಯಲ್ಲಿ ಸಣ್ಣ ಮಾತಲ್ಲ. ಭೀಮೆಯಿಂದಲೂ ಬೆಣ್ಣೆತೊರೆಯಿಂದಲೂ ನಗರಕ್ಕೆ ಬರುವ ನೀರು ಬೇಸಿಗೆಯಲ್ಲಿ ಕುಡಿಯುವುದಕ್ಕೇ ಸಾಲದಾಗುವ ದಿನಗಳುಂಟು. ಅಂತಹ ದಿನ ಬೇಲಿಗೆ ಕೊಳವೆ ಹಿಡಿಯುವವನನ್ನು ನೆರೆಯವರು ಮೆಚ್ಚಲಾರರು. ಜುಲೈಯಲ್ಲಿ ನೆಟ್ಟ ಬಂದರಿಕೆಗೆ ಅಕ್ಟೋಬರ್‌ವರೆಗೆ ಮಳೆಯೇ ಸಾಕು. ಅನಂತರ ಚಳಿಗಾಲದಲ್ಲಿ ಹತ್ತು ದಿನಕ್ಕೊಮ್ಮೆ, ಮೊದಲ ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ಗಿಡವೊಂದಕ್ಕೆ 5 ಲೀಟರಿನಂತೆ ಉಣಿಸಬೇಕು. 220 ಗಿಡಗಳಿಗೆ ಒಂದು ಸರದಿಗೆ 1,100 ಲೀಟರ್ ಆಗುತ್ತದೆ. ಕೈ ತೊಳೆದ, ಅಕ್ಕಿ ತೊಳೆದ ನೀರನ್ನು ಕಾಲುವೆಯಿಂದ ಒಡ್ಡಿನತ್ತ ತಿರುಗಿಸಿಕೊಂಡರೆ ಮಧ್ಯಾಹ್ನದ ಊಟ ನಡೆಯುವ ಶಾಲೆಗೆ ಇದು ಭಾರವಾಗದು. ಬುಡಕ್ಕೆ ತೊಗರಿಯ ಹೊಟ್ಟು, ಜೋಳದ ದಂಟಿನ ಚೂರು ಇವುಗಳನ್ನು ನಾಲ್ಕು ಬೆರಳು ದಪ್ಪಕ್ಕೆ ಹೊದಿಸಿದರೆ ಎರೆ ಬಿರಿಯುವುದು ಕಡಿಮೆಯಾಗುತ್ತದೆ. ತೊಗರಿಯ ಕಣಜವೆನಿಸಿದ ಜಿಲ್ಲೆಯಲ್ಲಿ ಹೊಟ್ಟಿಗೇನೂ ಬರವಿಲ್ಲ. ಹೊದಿಕೆ ಕಾಂಡಕ್ಕೆ ತಗಲದಂತೆ ಮಾತ್ರ ನೋಡಿಕೊಳ್ಳಬೇಕು. ಎರಡನೆಯ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೀರು. ಮೂರನೆಯ ಬೇಸಿಗೆಯಲ್ಲಿ ಎಲೆ ಮುದುಡಿದರೆ ಮಾತ್ರ. ರಸಗೊಬ್ಬರ ಹಾಕಬಾರದು. ಹಾಕಿದರೆ ಕೊಂಬೆಗಳು ಉದ್ದುದ್ದವಾಗಿ, ಮೆತ್ತಗೆ ಬೆಳೆದು ಬಾಗುತ್ತವೆ.

ಮೊದಲ ಎರಡು ವರ್ಷ ಮರೆಯೆಂಬುದು ಕಾಣುವುದಿಲ್ಲ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಗಿಡ 30 ಸೆಂಟಿಮೀಟರ್ ಆದಾಗ ಕುಡಿಯನ್ನು ಚಿವುಟಬೇಕು, 60 ಆದಾಗ ಇನ್ನೊಮ್ಮೆ. ಬೆಳೆಯುತ್ತಿರುವ ಗಿಡದ ತಲೆ ಕತ್ತರಿಸಲು ಮನಸ್ಸು ಬಾರದವರ ಬೇಲಿ ಕೊನೆಗೆ ಕಾಲುಗಳ ಮೇಲೆ ನಿಂತ ಛತ್ರಿಗಳ ಸಾಲಾಗುತ್ತದೆ. ಮೇಲೆ ಹಸುರು, ಕೆಳಗೆ ಬಯಲು. ಮೂರನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಬೇಲಿ ಒಂದೂವರೆಯಿಂದ ಎರಡು ಮೀಟರ್ ಮುಟ್ಟಿರುತ್ತದೆ. ಆಮೇಲೆ ವರ್ಷಕ್ಕೆ ಎರಡು ಬಾರಿ, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿಯೂ ಕಾಯಿ ಉದುರಿದ ಮೇಲೆ ಮಾರ್ಚಿನಲ್ಲಿಯೂ, ಹಗುರವಾಗಿ ಕತ್ತರಿಸಿದರೆ ಸಾಕು. ಬುಡ ಅಗಲ, ತಲೆ ಕಿರಿದು ಇರುವಂತೆ ಕತ್ತರಿಸಬೇಕು. ತಲೆ ಅಗಲವಾದರೆ ತನ್ನ ನೆರಳಿನಿಂದ ತನ್ನ ಕೆಳಗಿನ ಎಲೆಗಳನ್ನೇ ಉದುರಿಸಿಕೊಳ್ಳುತ್ತದೆ. ಎಲೆಯಿಲ್ಲದ ಹಳೆಯ ಕಟ್ಟಿಗೆಯವರೆಗೆ ಒಮ್ಮೆಲೇ ಕಡಿಯುವುದು ಅಪಾಯಕರ. ಚಿಗುರು ಬಂದರೂ ಬರಬಹುದು, ಬಾರದಿದ್ದರೂ ಇರಬಹುದು.

ಬೇಲಿಯನ್ನು ಎಲ್ಲಿ ನೆಡಬೇಕೆಂಬುದು ಇನ್ನೊಂದು ಪ್ರಶ್ನೆ. ಗಡಿಯ ಉದ್ದಕ್ಕೂ ನೆಡುವುದು ರೂಢಿ, ಆದರೆ ಮರೆಯ ದೃಷ್ಟಿಯಿಂದ ಅದು ಯಾವಾಗಲೂ ಸರಿಯಲ್ಲ. ಜಗುಲಿಯಲ್ಲಿ ಕುಳಿತವರ ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿದೆಯೆಂದು ಇಟ್ಟುಕೊಳ್ಳೋಣ. 2 ಮೀಟರ್ ಎತ್ತರದ ಬೇಲಿ 10 ಮೀಟರ್ ದೂರದ ಗಡಿಯಲ್ಲಿದ್ದರೆ, 20 ಮೀಟರ್ ದೂರದ ಎದುರುಮನೆಯಲ್ಲಿ ಅದು ಮರೆಮಾಡುವುದು ನೆಲದಿಂದ 2.8 ಮೀಟರ್‌ವರೆಗೆ ಮಾತ್ರ. ಮೊದಲ ಮಹಡಿಯ ಕಿಟಕಿ ಅದರ ಮೇಲಿಂದ ನಿರಾತಂಕವಾಗಿ ನೋಡುತ್ತದೆ. ಅದೇ ಬೇಲಿಯನ್ನು ಕುಳಿತವರಿಂದ 2 ಮೀಟರ್ ದೂರದಲ್ಲಿ ಬೆಳೆಸಿದರೆ ಎದುರುಮನೆಯ 9 ಮೀಟರ್ ಎತ್ತರದವರೆಗೂ ಮರೆಯಾಗುತ್ತದೆ. ಸಮರೂಪ ತ್ರಿಕೋನಗಳ ಪಾಠ ಓದಿದ ಯಾವ ವಿದ್ಯಾರ್ಥಿಯಾದರೂ ಇದನ್ನು ಕಪ್ಪುಹಲಗೆಯ ಮೇಲೆ ಸಾಧಿಸಿ ತೋರಿಸಬಲ್ಲನು. 200 ಗಿಡಗಳ ಗಡಿಬೇಲಿ ಮಾಡಲಾರದ ಕೆಲಸವನ್ನು ಜಗುಲಿಯ ಮುಂದಿನ 12 ಗಿಡಗಳು ಮಾಡುತ್ತವೆ. ವಸತಿನಿಲಯದ ಹಿತ್ತಿಲಿಗೂ ಇದೇ ನ್ಯಾಯ: ಇಡೀ ಆವರಣಕ್ಕೆ ಹಣ ಕೂಡುವವರೆಗೆ ಕಾಯುವುದಕ್ಕಿಂತ ಬಟ್ಟೆ ಒಣಗಿಸುವ ಜಾಗಕ್ಕೆ ತಾಗಿದಂತೆ ಈ ವರ್ಷವೇ ಎರಡು ಸಾಲು ನೆಡುವುದು ಮೇಲು.

ಬಂದರಿಕೆಯ ದೋಷಗಳನ್ನೂ ಹೇಳಬೇಕು. ರಾಳವಿರುವುದರಿಂದ ಅದು ಹಸಿಯಾಗಿದ್ದಾಗಲೂ ಉರಿಯುತ್ತದೆ. ಹಳ್ಳಿಗರು ಅದನ್ನು ಒಳ್ಳೆಯ ಸೌದೆಯೆನ್ನುವುದು ಇದೇ ಗುಣಕ್ಕಾಗಿ. ಆದುದರಿಂದ ಬೇಲಿಯ ಬುಡದಲ್ಲಿ ಕಸ ಗುಡಿಸಿ ಬೆಂಕಿ ಹಚ್ಚುವ ಅಭ್ಯಾಸವಿರುವ ಕಡೆ, ಅಡುಗೆಮನೆಯ ಒಲೆಯ ಹೊಗೆಗಂಡಿಯ ಪಕ್ಕದಲ್ಲಿ ಅದನ್ನು ನೆಡಬಾರದು. ಅಂಟಿನ ಎಲೆಗೆ ರಸ್ತೆಯ ಧೂಳು ಹಿಡಿಯುತ್ತದೆ; ಆ ಧೂಳು ಮನೆಯೊಳಗೆ ಬರಲಿಲ್ಲವೆಂಬುದು ಸಮಾಧಾನ, ಆದರೆ ಜನವರಿಯಿಂದ ಮುಂದೆ ಹೆದ್ದಾರಿಯ ಅಂಚಿನ ಬೇಲಿ ಹಸುರಿಗಿಂತ ಬೂದಿಬಣ್ಣಕ್ಕೇ ಹತ್ತಿರವಾಗಿರುತ್ತದೆ. ಮುಳ್ಳಿಲ್ಲವಾದುದರಿಂದ ಕಣ್ಣನ್ನು ತಡೆಯಬಲ್ಲುದೇ ಹೊರತು ಕಳ್ಳನನ್ನು ತಡೆಯಲಾರದು. ನುಗ್ಗುವ ಎಮ್ಮೆಯನ್ನಂತೂ ತಡೆಯದು. ಅಂತಹ ಭಯವಿರುವ ಕಡೆ ಹೊರಗಿನ ಸಾಲಿಗೆ ಕವಳಿಯನ್ನು ನೆಟ್ಟು ಒಳಗಿನ ಸಾಲಿಗೆ ಬಂದರಿಕೆಯನ್ನು ಇಡುವುದು ಚೆನ್ನು. ಕವಳಿಯೂ ಇಲ್ಲಿಯದೇ, ವರ್ಷವಿಡೀ ಹಸುರು, ಕವಲು ಮುಳ್ಳಿನದು; ಅದರ ಹಣ್ಣಿಗಾಗಿ ಮಕ್ಕಳು ಕೈ ಗೀರಿಸಿಕೊಳ್ಳುವುದನ್ನು ಮಾತ್ರ ಯಾವ ಮುಖ್ಯೋಪಾಧ್ಯಾಯರೂ ತಪ್ಪಿಸಲಾರರು. ಎತ್ತರದ ಕಟ್ಟಡದ ನೆರಳು ಬೀಳುವ ಉತ್ತರದ ಮಗ್ಗುಲಲ್ಲಿ ಬಂದರಿಕೆ ಸೊರಗುತ್ತದೆ, ಅದಕ್ಕೆ ಬಿಸಿಲು ಬೇಕು. ಅಲ್ಲಿಗೆ ಆಡುಸೋಗೆಯನ್ನು ಕಡ್ಡಿಯಿಂದ ಬೆಳೆಸಬಹುದು. ಅದೂ ಆಡು ಮುಟ್ಟದ ಗಿಡವೇ. ಅದರ ಸಸ್ಯಶಾಸ್ತ್ರೀಯ ಹೆಸರಿನಲ್ಲಿರುವ ಆಡಥೋಡ ಎಂಬ ಪದ ಆ ಅರ್ಥದ ದ್ರಾವಿಡ ನುಡಿಯಿಂದಲೇ ಹೋದದ್ದು. ಲಕ್ಕಿಯೂ ಬೇಗ ಬರುತ್ತದೆ, ಆದರೆ ಕಡುಬೇಸಿಗೆಯಲ್ಲಿ ಎಲೆ ಉದುರಿಸಿ, ಮರೆ ಬೇಕಾದಾಗಲೇ ಬರಿದಾಗುತ್ತದೆ.

ಎಷ್ಟು ಜಾಗರೂಕತೆಯಿಂದ ನೆಟ್ಟರೂ ಮೊದಲ ವರ್ಷ ಕೆಲವು ಸಸಿಗಳು ಸಾಯುತ್ತವೆ. ಒಂದು ಗಿಡ ಸತ್ತ ಜಾಗವನ್ನು ಪಕ್ಕದ ಗಿಡಗಳು ತುಂಬಿಕೊಳ್ಳುವುವೆಂದು ಬಿಟ್ಟರೆ ಅಲ್ಲಿ ಮೊದಲು ನಾಯಿ ನುಸುಳುತ್ತದೆ, ಆಮೇಲೆ ಮಕ್ಕಳು, ಆಮೇಲೆ ಅದೇ ದಾರಿಯಾಗುತ್ತದೆ. ಆದುದರಿಂದ 220 ಸಸಿ ಬೇಕಾದ ಕಡೆ 250 ಬೆಳೆಸಿ, ಉಳಿದ 30ನ್ನು ಕೊಂಚ ದೊಡ್ಡ ಚೀಲಕ್ಕೆ ಬದಲಿಸಿ ಬಾವಿಕಟ್ಟೆಯ ಬಳಿಯೋ ನಳದ ಪಕ್ಕದಲ್ಲಿಯೋ ಬಿಸಿಲು ಬೀಳುವ ಕಡೆ ಇಟ್ಟಿರಬೇಕು. ಜೂನ್ ತಿಂಗಳ ಎರಡನೆಯ ವಾರದಲ್ಲಿ ಬೇಲಿಯುದ್ದಕ್ಕೂ ನಡೆದು ಖಾಲಿ ಜಾಗಗಳಿಗೆ ಗೂಟ ಹೊಡೆದು ಗುರುತು ಮಾಡಿಕೊಂಡು, ನೆಲ ತೊಯ್ದ ದಿನವೇ ಅವುಗಳನ್ನು ತುಂಬಬೇಕು. ಒಂದೆರಡು ಹೆಣ್ಣು ಗಿಡಗಳನ್ನು ಸಾಲಿನ ಕೊನೆಯಲ್ಲಿ ಕತ್ತರಿಸದೆ ಬಿಟ್ಟರೆ ಮುಂದಿನ ವರ್ಷದ ಬೀಜಕ್ಕೂ, ಬೇಲಿ ನೋಡಿ ಕೇಳಿಕೊಂಡು ಬರುವ ನೆರೆಯವರಿಗೆ ಕೊಡುವ ಬೀಜಕ್ಕೂ ಅವೇ ಸಾಕಾಗುತ್ತವೆ.